ಗ್ರೀಕರ ನಾಣ್ಯಗಳೂ ಇಂದಿನ ಸ್ಮಾರಕ ನಾಣ್ಯಗಳೂ

ಗ್ರೀಸ್ ದೇಶದಲ್ಲಿ 2002ನೆಯ ಇಸವಿಯಲ್ಲಿ ಚಲಾವಣೆಗೆ ಬಂದ ಒಂದು ಯೂರೊ ನಾಣ್ಯದ ಮುಖದಲ್ಲಿ ಗೂಬೆಯೊಂದು ನಿಂತಿದೆ. ಇದು ಇಂದಿನ ಚಿತ್ರಕಾರನ ಕಲ್ಪನೆಯಲ್ಲಿ ಹುಟ್ಟಿದ ಗೂಬೆಯಲ್ಲ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಅಥೆನ್ಸ್ ನಗರವು ಅಚ್ಚುಹಾಕಿದ ನಾಲ್ಕು ದ್ರಾಕ್ಮ ಬೆಲೆಯ ಬೆಳ್ಳಿಯ ನಾಣ್ಯದ ಚಿತ್ರವನ್ನೇ ಎತ್ತಿ ಹೊಸ ನಾಣ್ಯದ ನಡುವೆ ಇರಿಸಲಾಗಿದೆ. ಸುತ್ತಲೂ ಹನ್ನೆರಡು ನಕ್ಷತ್ರಗಳು. ಬದಿಯಲ್ಲಿ ಬೆಲೆಯನ್ನು ತಿಳಿಸುವ ಅಂಕೆ ಮತ್ತು ಅಕ್ಷರ. ಒಂದು ನಾಣ್ಯವು ಮತ್ತೊಂದು ನಾಣ್ಯಕ್ಕೆ ಸ್ಮಾರಕವಾಗಿರುವ ಇಂಥ ನಿದರ್ಶನ ವಿರಳವೆಂದೇ ಹೇಳಬೇಕು. ಹಳೆಯ ಗೂಬೆಗೆ ಬೇಡವಾಗಿದ್ದ ನಕ್ಷತ್ರವೂ ಅಂಕೆಯೂ ಹೊಸ ಗೂಬೆಗೆ ಏಕೆ ಬೇಕಾದುವು ಎಂಬ ಪ್ರಶ್ನೆಯ ಬೆನ್ನುಹತ್ತಿದರೆ, ಪ್ರಾಚೀನ ಗ್ರೀಕರ ನಾಣ್ಯಗಳಿಗೂ ಇಂದಿನ ಸರ್ಕಾರಗಳು ಹೊರಡಿಸುವ ಸ್ಮಾರಕ ನಾಣ್ಯಗಳಿಗೂ ಇರುವ ಅಂತರ ಕೇವಲ ಅಂದಚಂದದ ಹೆಚ್ಚುಕಡಿಮೆಯದಲ್ಲವೆಂಬುದು ಮನಗಾಣುತ್ತದೆ.

ಗೂಬೆಯ ವಿಚಾರವನ್ನೇ ಮೊದಲು ನೋಡಬಹುದು. ನಮ್ಮಲ್ಲಿ ಅದು ಅಪಶಕುನದ ಪಕ್ಷಿ. ಮಾಡದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು ಗೂಬೆ ಕೂರಿಸುವುದೆಂದೇ ಕರೆಯುತ್ತೇವೆ. ಅಥೆನ್ಸಿನವರಿಗೆ ಅದು ವಿದ್ಯೆಯ ಮತ್ತು ಯುದ್ಧದ ಅಧಿದೇವತೆಯಾದ ಅಥೀನಾ ದೇವಿಯ ಪಕ್ಷಿ. ನಾಣ್ಯದ ಮುಂಬದಿಯಲ್ಲಿ ಶಿರಸ್ತ್ರಾಣ ಧರಿಸಿದ ದೇವಿಯ ಮುಖ, ಹಿಂಬದಿಯಲ್ಲಿ ಗೂಬೆ, ಅದರ ಬೆನ್ನ ಹಿಂದೆ ಆಲಿವ್ ಮರದ ಚಿಗುರು ಮತ್ತು ಬಾಲಚಂದ್ರ, ಎದುರಿಗೆ ಮೂರು ಅಕ್ಷರ: ‘ಅಥೆ’. ತೂಕ ಸುಮಾರು 17 ಗ್ರಾಂ. ಬೆಳ್ಳಿ ದೊರೆಯುತ್ತಿದ್ದುದು ನಗರದ ದಕ್ಷಿಣಕ್ಕಿದ್ದ ಲಾರಿಯನ್ ಗಣಿಗಳಲ್ಲಿ. ಕ್ರಿ.ಪೂ. 483ರಲ್ಲಿ ಅಲ್ಲಿ ಹೊಸ ನಿಕ್ಷೇಪ ಸಿಕ್ಕಾಗ ಬಂದ ಹಣವನ್ನು ಪೌರರು ಹಂಚಿಕೊಳ್ಳದೆ ಯುದ್ಧನೌಕೆಗಳಿಗೆ ವಿನಿಯೋಗಿಸುವಂತೆ ಥೆಮಿಸ್ಟೊಕ್ಲೀಸನು ಒಪ್ಪಿಸಿದನು. ಆ ನೌಕೆಗಳೇ ಕ್ರಿ.ಪೂ. 480ರಲ್ಲಿ ಸಲಾಮಿಸ್ ಕೊಲ್ಲಿಯಲ್ಲಿ ಪಾರಸಿಕರನ್ನು ಸೋಲಿಸಿದುವು. ಇಷ್ಟು ದೊಡ್ಡ ವಿಜಯಕ್ಕೆ ಕಾರಣವಾದ ಬೆಳ್ಳಿಯ ಮೇಲೆ ಆ ವಿಜಯದ ಒಂದು ಹಡಗನ್ನಾಗಲಿ ಒಬ್ಬ ಸೇನಾನಿಯ ಹೆಸರನ್ನಾಗಲಿ ಅವರು ಕೆತ್ತಲಿಲ್ಲ. ದೇವಿಯೂ ಗೂಬೆಯೂ ಹಾಗೆಯೇ ಮುಂದುವರಿದುವು. ಮೂರ್ತಿಶಿಲ್ಪದಲ್ಲಿ ಗ್ರೀಕರು ಬಹಳ ದೂರ ನಡೆದುಬಂದ ಮೇಲೂ ನಾಣ್ಯದ ಮೇಲಿನ ಅಥೀನಾ ಬಹುಕಾಲ ಹಳೆಯ ರೀತಿಯಲ್ಲೇ, ಪಾರ್ಶ್ವಮುಖದಲ್ಲಿ ಪೂರ್ಣಕಣ್ಣು ತೆರೆದುಕೊಂಡೇ ಇದ್ದಳು. ಈಜಿಪ್ಟಿನ, ಸಿರಿಯಾದ ವರ್ತಕನು ಆ ಮುಖವನ್ನು ಗುರುತಿಸಿ ಬೆಳ್ಳಿಯನ್ನು ನಂಬುತ್ತಿದ್ದನು. ಮುಖ ಬದಲಾದರೆ ನಂಬಿಕೆ ಸಡಿಲವಾಗುವ ಭಯವಿತ್ತೆಂದು ವಿದ್ವಾಂಸರ ಊಹೆ.

ನಂಬಿಕೆಯೆಂದರೂ ಅದು ಕುರುಡು ನಂಬಿಕೆಯಾಗಿರಲಿಲ್ಲ. ಪೂರ್ವದೇಶಗಳಲ್ಲಿ ದೊರೆತ ಎಷ್ಟೋ ಗೂಬೆ ನಾಣ್ಯಗಳ ಮುಖದ ಮೇಲೆ ಉಳಿಯಿಂದ ಕಡಿದ ಗಾಯವಿದೆ: ಒಳಗೆ ತಾಮ್ರವೋ ಬೆಳ್ಳಿಯೋ ಎಂದು ವರ್ತಕರು ನೋಡಿದ ಗುರುತು ಅದು. ಅಥೆನ್ಸಿನ ಪೇಟೆಚೌಕದಲ್ಲಿ 1970ರಲ್ಲಿ ಸಿಕ್ಕಿದ ಶಿಲಾಶಾಸನವೊಂದು ಕ್ರಿ.ಪೂ. 375ರ ಸುಮಾರಿನ ಕಾನೂನನ್ನು ತಿಳಿಸುತ್ತದೆ. ಅದರ ಪ್ರಕಾರ ಸರ್ಕಾರದ ಗುಲಾಮನೊಬ್ಬನು ಪೇಟೆಯಲ್ಲಿ ಕುಳಿತು ನಾಣ್ಯ ನೋಡಬೇಕು; ಒಳ್ಳೆಯದನ್ನು ಎಲ್ಲರೂ ಸ್ವೀಕರಿಸಬೇಕು; ಒಳಗೆ ತಾಮ್ರ ಅಥವಾ ಸೀಸವಿರುವುದನ್ನು ಅವನು ಅಲ್ಲಿಯೇ ಕಡಿದುಹಾಕಿ ದೇವಮಾತೆಗೆ ಒಪ್ಪಿಸಬೇಕು. ನಮ್ಮ ಪೇಟೆಗಳ ಶರಾಫರು ಮಾಡುತ್ತಿದ್ದ ಕೆಲಸವೇ ಇದು. ಬೆಲೆಯ ಅಂಕೆ ಆ ಗೂಬೆಯ ಪಕ್ಕದಲ್ಲಿ ಏಕಿರಲಿಲ್ಲವೆಂಬುದಕ್ಕೆ ಉತ್ತರ ಇಲ್ಲಿದೆ. ಬೆಲೆಯಿದ್ದುದು ತೂಕದಲ್ಲಿ.

ಇನ್ನು ಆ ಅಕ್ಷರಗಳು. ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದ ನಾಣ್ಯದ ಮೇಲೆ ಇರುವ ಬರಹ ‘ಸಿರಾಕೊಸಿಯೋನ್’ ಎಂದು. ಅದರ ಅರ್ಥ ‘ಸಿರಾಕ್ಯೂಸಿನವರ’. ವ್ಯಾಕರಣ ಬಲ್ಲವರು ಕೂಡಲೇ ಗಮನಿಸುವಂತೆ ಇದು ಷಷ್ಠೀ ವಿಭಕ್ತಿ. ಸಿರಾಕ್ಯೂಸಿನವರ ಏನು ಎಂಬುದನ್ನು ಹೇಳಿಲ್ಲ. ಅದು ಓದುವವನ ಕೈಯಲ್ಲಿಯೇ ಇದೆ. ಒಡೆತನವನ್ನು ತಿಳಿಸುವ ಒಂದು ಪದವನ್ನು ಬಿಟ್ಟರೆ ಉಳಿದುದನ್ನೆಲ್ಲ ಚಿತ್ರಕ್ಕೆ ವಹಿಸುವುದು ಗ್ರೀಕ್ ನಾಣ್ಯದ ಸಾಮಾನ್ಯ ಪದ್ಧತಿ. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಬರುವ ತೊಡಕುಗಳೆಲ್ಲ ಇದರಿಂದಲೇ ಹುಟ್ಟಿದುವು.

ನಾಣ್ಯ ತಯಾರಾಗುತ್ತಿದ್ದ ಕ್ರಮವನ್ನೂ ತಿಳಿದಿರುವುದು ಅಗತ್ಯ. ಮುಂಬದಿಯ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಅದರ ಮೇಲೆ ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಹಿಂಬದಿಯ ಅಚ್ಚನ್ನು ಹೊತ್ತ ಮೊಳೆಯನ್ನು ಮೇಲಿರಿಸಿ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಸುತ್ತ ಬಿಗಿಹಿಡಿಯುವ ಬಳೆಯಿಲ್ಲದ ಕಾರಣ ಬೆಳ್ಳಿ ತನಗೆ ತೋಚಿದತ್ತ ಹರಡಿ ಅಂಚು ಒಡೆಯುತ್ತಿತ್ತು. ಚಿತ್ರ ಕೆಲವೊಮ್ಮೆ ಓರೆಯಾಗುತ್ತಿತ್ತು. ಗೂಬೆಯ ಕಾಲು ಬಿದ್ದು ಹೋಗುತ್ತಿತ್ತು. ಎರಡು ನಾಣ್ಯ ಒಂದೇ ಬಗೆಯಾಗಿರುವುದು ಅಪೂರ್ವ. ಆದರೆ ಮೆತ್ತಗಾದ ಲೋಹಕ್ಕೆ ಆಳವಾದ ಅಚ್ಚಿನೊಳಗೆ ಇಳಿಯಲು ಅವಕಾಶವಿದ್ದುದರಿಂದ ಚಿತ್ರವು ಬಿಲ್ಲೆಯ ಮೇಲೆ ಎತ್ತರವಾಗಿ, ಬೆರಳಿಗೆ ಕೆನ್ನೆ ಮೂಗುಗಳು ತಾಗುವಂತೆ ಮೂಡುತ್ತಿತ್ತು. ಇಂದಿನ ಟಂಕಸಾಲೆಯಲ್ಲಿ ನಾಣ್ಯ ಅಚ್ಚೊತ್ತುವಾಗ ಸುತ್ತಲೂ ಉಕ್ಕಿನ ಬಳೆ ಇರುತ್ತದೆ. ಒಂದೇ ಒತ್ತಿಗೆ ಎರಡು ಮುಖವೂ ಅಂಚೂ ಸಿದ್ಧ. ವೃತ್ತ ಪರಿಪೂರ್ಣ, ಉಬ್ಬು ಮಾತ್ರ ತಗ್ಗಬೇಕು.

ಗ್ರೀಕ್ ನಾಣ್ಯಕಲೆಯ ಶಿಖರವೆಂದು ಎಲ್ಲರೂ ಒಪ್ಪುವುದು ಸಿರಾಕ್ಯೂಸಿನ ಹತ್ತು ದ್ರಾಕ್ಮದ ನಾಣ್ಯವನ್ನು. ಕ್ರಿ.ಪೂ. 400ರ ಆಸುಪಾಸಿನದು, ಬೆಳ್ಳಿಯ ತೂಕ ಸುಮಾರು 43 ಗ್ರಾಂ. ಒಂದು ಮುಖದಲ್ಲಿ ಅರೆಥೂಸಾ ಎಂಬ ಜಲದೇವತೆ. ಸಿರಾಕ್ಯೂಸಿನ ಸಿಹಿನೀರಿನ ಬುಗ್ಗೆಗೆ ಆಕೆಯ ಹೆಸರೇ ಇದೆ. ಮುಖದ ಸುತ್ತ ನಾಲ್ಕು ಡಾಲ್ಫಿನ್‌ಗಳು ಈಜುತ್ತಿವೆ. ಉಪ್ಪು ಸಮುದ್ರದ ನಡುವೆ ಸಿಹಿನೀರಿನ ಊಟೆಯಿರುವ ಊರಿನ ಭೂಗೋಳವನ್ನೇ ಶಿಲ್ಪಿ ಒಂದು ಅಂಗುಲದ ಚಿಲ್ಲರೆ ಅಗಲದಲ್ಲಿ ಹೇಳಿಬಿಟ್ಟಿದ್ದಾನೆ. ಮತ್ತೊಂದು ಮುಖದಲ್ಲಿ ನಾಲ್ಕು ಕುದುರೆಗಳ ರಥ ಧಾವಿಸುತ್ತಿದೆ. ಮೇಲಿನಿಂದ ವಿಜಯದೇವತೆ ಹಾರಿಬಂದು ಸಾರಥಿಗೆ ಮಾಲೆ ತೊಡಿಸುತ್ತಿದ್ದಾಳೆ. ಕೆಳಗೆ ಕವಚ, ಗುರಾಣಿ, ಶಿರಸ್ತ್ರಾಣಗಳ ರಾಶಿ. ಕಿಮೊನ್, ಎವೈನೆಟೊಸ್ ಎಂಬ ಅಚ್ಚುಗೆತ್ತನೆಯ ಕುಶಲಿಗಳು ತಮ್ಮ ಹೆಸರನ್ನು ದೇವಿಯ ತಲೆಪಟ್ಟಿಯ ಮೇಲೋ ಡಾಲ್ಫಿನ್ನಿನ ಬಳಿಯೋ ಸಾಸಿವೆಯಷ್ಟು ಅಕ್ಷರಗಳಲ್ಲಿ ಅಡಗಿಸಿಟ್ಟಿದ್ದಾರೆ. ಬಿರುಕು ಬಿಟ್ಟ ಅಚ್ಚಿನಿಂದಲೂ ಹೊಡೆದ ಪ್ರತಿಗಳು ಅನೇಕ ಉಳಿದಿವೆ. ಅಂದರೆ ಇದು ಪೆಟ್ಟಿಗೆಯ ಅಲಂಕಾರಕ್ಕೆಂದು ಬೆರಳೆಣಿಕೆಯಷ್ಟು ಮಾಡಿದುದಲ್ಲ. ಹಣವಾಗಿ ಬೇಕಾದುದಕ್ಕೇ ಅಷ್ಟು ಹೊಡೆದದ್ದು.

ಆ ಆಯುಧರಾಶಿಯ ಬಳಿ ಕೆಲವು ಪ್ರತಿಗಳಲ್ಲಿ ‘ಅಥ್ಲಾ’ ಎಂದು ಬರೆದಿದೆ. ‘ಬಹುಮಾನಗಳು’ ಎಂದು ಅರ್ಥ. ಯಾವ ಸ್ಪರ್ಧೆಯ ಬಹುಮಾನ? ಸರ್ ಆರ್ಥರ್ ಇವಾನ್ಸ್, ಮುಂದೆ ಕ್ರೀಟ್ ದ್ವೀಪದ ಕ್ನಾಸಸ್ ಅರಮನೆಯನ್ನು ಅಗೆದು ತೆಗೆದವರು, 1892ರಲ್ಲಿ ಈ ನಾಣ್ಯಗಳ ಕುರಿತು ಒಂದು ಗ್ರಂಥವನ್ನೇ ಬರೆದರು. ಕ್ರಿ.ಪೂ. 413ರಲ್ಲಿ ಅಥೆನ್ಸಿನ ದೊಡ್ಡ ದಂಡು ಅಸ್ಸಿನಾರಸ್ ನದಿಯ ದಡದಲ್ಲಿ ಸಿರಾಕ್ಯೂಸಿನವರಿಗೆ ಸೆರೆಸಿಕ್ಕಿತಷ್ಟೆ. ಅದರ ನೆನಪಿಗೆ ಏರ್ಪಡಿಸಿದ ಕ್ರೀಡೋತ್ಸವದಲ್ಲಿ ಸೋತವರ ಆಯುಧಗಳನ್ನೇ ಬಹುಮಾನವಾಗಿ ಕೊಟ್ಟಿರಬೇಕು, ನಾಣ್ಯವು ಆ ಉತ್ಸವದ ಸ್ಮಾರಕವೆಂಬುದು ಅವರ ವಾದ. ವಾದ ಮನೋಹರ, ಬಹುಕಾಲ ಪಠ್ಯಪುಸ್ತಕಗಳಲ್ಲಿ ನಿಂತಿತ್ತು. ಆಮೇಲಿನ ವಿದ್ವಾಂಸರು ಅಚ್ಚುಗಳ ಅನುಕ್ರಮವನ್ನು ಪರಿಶೀಲಿಸಿ ಇವುಗಳಲ್ಲಿ ಹೆಚ್ಚಿನವು ಕೆಲವು ವರ್ಷ ಈಚೆಗೆ, ಡಯೊನೀಸಿಯಸ್ ಎಂಬ ನಿರಂಕುಶ ಪ್ರಭುವಿನ ಕಾಲಕ್ಕೆ ಸೇರಿದುವೆಂದು ಹೇಳುತ್ತಾರೆ.

ಇದಕ್ಕಿಂತ ಹಿಂದಿನ ಇನ್ನೊಂದು ಪ್ರಸಂಗ ಹೆಚ್ಚು ಬೋಧಪ್ರದ. ಕ್ರಿ.ಪೂ. 480ರಲ್ಲಿ ಹಿಮೆರಾ ಎಂಬಲ್ಲಿ ಸಿರಾಕ್ಯೂಸಿನ ಗೆಲಾನ್ ಅರಸನು ಕಾರ್ತೇಜಿನವರನ್ನು ಸೋಲಿಸಿದನು. ಸೋತವರು ಅವನ ರಾಣಿ ದೆಮರೆತೆಯ ಮೊರೆಹೊಕ್ಕು, ಸಂಧಿಯಾದ ಬಳಿಕ ಆಕೆಗೆ ಚಿನ್ನದ ಕಿರೀಟವನ್ನಿತ್ತರೆಂದೂ ಅದರಿಂದ ಆಕೆಯ ಹೆಸರಿನ ‘ದೆಮರೆತೈಯೊನ್’ ಎಂಬ ನಾಣ್ಯ ಹೊರಟಿತೆಂದೂ ನಾಲ್ಕು ನೂರು ವರ್ಷಗಳ ಅನಂತರದ ಇತಿಹಾಸಕಾರ ಡಯೊಡೊರಸ್ ಬರೆದಿದ್ದಾನೆ. ರಥದ ಕೆಳಗೆ ಓಡುವ ಸಿಂಹವಿರುವ, ಹತ್ತು ದ್ರಾಕ್ಮದ ಹಳೆಯ ನಾಣ್ಯವೊಂದು ಸಿಕ್ಕಾಗ ಅದೇ ಇದು ಎಂದರು. ಸಿಂಹವು ಸೋತ ಆಫ್ರಿಕವೆಂದರು. ಗ್ರೀಕ್ ಕಲೆಯ ಕಾಲಗಣನೆಗೇ ಆ ನಾಣ್ಯ ಒಂದು ಕಂಬವಾಯಿತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಂಬ ಅಲುಗಿತು: ಆ ನಾಣ್ಯ ಯುದ್ಧದ ಸಮಯದ್ದಲ್ಲ, ಹದಿನೈದು ವರ್ಷವಾದರೂ ಈಚಿನದು ಎಂಬ ಅಭಿಪ್ರಾಯ ಬಲವಾಯಿತು. ಅಥೀನಾಳ ಶಿರಸ್ತ್ರಾಣದ ಮೇಲಿನ ಆಲಿವ್ ಎಲೆಗಳು ಮ್ಯಾರಥಾನ್ ವಿಜಯದ ಗುರುತೆಂಬ ಮಾತೂ ಇಂಥದೇ. ಹೌದೆನ್ನಲು ಆಸೆ ಇದೆ, ಆಧಾರ ಸಾಲದು.

ಇಲ್ಲಿ ಗ್ರೀಕರ ದೋಷವೇನೂ ಇಲ್ಲ. ಇಂದಿನವರು ತಮ್ಮ ಸ್ಮಾರಕ ನಾಣ್ಯಗಳ ರೂಢಿಯನ್ನು ಅವರ ಮೇಲೆ ಆರೋಪಿಸಿ ಪ್ರತಿಯೊಂದು ಚಿತ್ರಕ್ಕೂ ಒಂದೊಂದು ಘಟನೆಯನ್ನು ಅಂಟಿಸಹೊರಟರು. ಆದರೂ ಒಂದು ಮಾತನ್ನು ಒಪ್ಪಬೇಕಾಗುತ್ತದೆ. ಆ ರಥ ನಿಜವಾಗಿಯೂ ಒಂದು ವಿಜಯದ ನೆನಪಿಗೆ ಕೆತ್ತಿದ್ದಾದರೆ, ಆ ನೆನಪು ಕಳೆದುಹೋಗಿದೆ. ಚಿತ್ರ ಉಳಿಯಿತು, ಪ್ರಸಂಗ ಉಳಿಯಲಿಲ್ಲ. ಮ್ಯಾಸಿಡೋನಿಯದ ಫಿಲಿಪ್ಪನು ಒಲಿಂಪಿಯದ ರಥಸ್ಪರ್ಧೆಗಳಲ್ಲಿ ಪಡೆದ ಗೆಲುವನ್ನು ನಾಣ್ಯಗಳ ಮೇಲೆ ಅಚ್ಚುಹಾಕಿಸಿದನೆಂದು ಪ್ಲೂಟಾರ್ಕ್ ಹೇಳದಿದ್ದರೆ ಅವನ ಬಂಗಾರದ ನಾಣ್ಯದ ರಥ ಯಾವುದೆಂದು ಯಾರಿಗೆ ತಿಳಿಯುತ್ತಿತ್ತು? ಅದೇ ನಾಣ್ಯವನ್ನು ಗಾಲ್ ಮತ್ತು ಬ್ರಿಟನ್ನಿನ ಕೆಲ್ಟ್ ಜನರು ತಲೆತಲಾಂತರ ನಕಲು ಮಾಡುತ್ತ ಹೋದರು. ಕೊನೆಗೆ ರಥವೂ ಕುದುರೆಯೂ ಬಿಡಿಬಿಡಿಯಾಗಿ ಗೆರೆ ಚುಕ್ಕಿಗಳಾಗಿಬಿಟ್ಟುವು.

ಫಿಲಿಪ್ಪನ ಮಗ ಅಲೆಕ್ಸಾಂಡರನ ಕಾಲದ ಒಂದು ದೊಡ್ಡ ಬೆಳ್ಳಿಯ ನಾಣ್ಯ ಭಾರತೀಯರ ಕುತೂಹಲವನ್ನು ವಿಶೇಷವಾಗಿ ಕೆರಳಿಸುವಂಥದು. ಅದರಲ್ಲಿ ಕುದುರೆಸವಾರನೊಬ್ಬನು ಈಟಿ ಹಿಡಿದು ಆನೆಯೊಂದನ್ನು ಬೆನ್ನಟ್ಟುತ್ತಿದ್ದಾನೆ. ಆನೆಯ ಮೇಲೆ ಇಬ್ಬರಿದ್ದಾರೆ. ಮತ್ತೊಂದು ಮುಖದಲ್ಲಿ ವಜ್ರಾಯುಧ ಹಿಡಿದು ನಿಂತ ವೀರನಿಗೆ ವಿಜಯದೇವತೆ ಮಾಲೆ ತೊಡಿಸುತ್ತಿದ್ದಾಳೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ಬಳಿ ಪೌರವ ವಂಶದವನೆನ್ನಲಾಗುವ ಪೋರಸನೊಡನೆ ನಡೆದ ಕಾಳಗಕ್ಕೆ ಇದು ಸಂಬಂಧಿಸಿದ್ದೆಂದು ಬಹುಮಂದಿ ಒಪ್ಪುತ್ತಾರೆ. ಗ್ರೀಕರಲ್ಲಿ ನಿಜವಾದ ಸ್ಮಾರಕ ನಾಣ್ಯಕ್ಕೆ ಇಷ್ಟು ಸಮೀಪ ಬಂದುದು ಬೇರೊಂದಿಲ್ಲ. ಆದರೂ ಅದರ ಮೇಲೆ ಅಲೆಕ್ಸಾಂಡರನ ಹೆಸರಿಲ್ಲ, ಪೋರಸನ ಹೆಸರಿಲ್ಲ, ನದಿಯ ಹೆಸರಿಲ್ಲ.

ಹೆಸರು ಹೇಳಿ ಸ್ಮರಿಸುವ ಪದ್ಧತಿ ಮೊದಲು ಸ್ಪಷ್ಟವಾಗಿ ಕಾಣುವುದು ಗ್ರೀಕರ ನಡುನಾಡಿನಲ್ಲಲ್ಲ, ನಮ್ಮ ಬಾಗಿಲಲ್ಲಿ. ಕ್ರಿ.ಪೂ. ಎರಡನೆಯ ಶತಮಾನದ ಆದಿಭಾಗದಲ್ಲಿ ಬ್ಯಾಕ್ಟ್ರಿಯವನ್ನಾಳಿದ ಅಗಾಥೊಕ್ಲಿಸ್ ಎಂಬ ಗ್ರೀಕ್ ಅರಸನು ತನಗಿಂತ ಹಿಂದಿನ ರಾಜರ ನೆನಪಿಗೆ ಒಂದು ನಾಣ್ಯಮಾಲಿಕೆಯನ್ನೇ ಹೊರಡಿಸಿದನು. ಮುಂಬದಿಯಲ್ಲಿ ‘ಫಿಲಿಪ್ಪನ ಮಗ ಅಲೆಕ್ಸಾಂಡರನ’ ಎಂದೋ ‘ರಕ್ಷಕ ಡಿಯೊಡೊಟಸನ’ ಎಂದೋ ಅವರವರ ಹೆಸರು; ಹಿಂಬದಿಯಲ್ಲಿ ‘ನ್ಯಾಯವಂತ ಅಗಾಥೊಕ್ಲಿಸನು ಆಳುತ್ತಿರಲಾಗಿ’ ಎಂಬರ್ಥದ ಬರಹ. ಹೊಸ ಸಿಂಹಾಸನದ ಮೇಲೆ ಕುಳಿತವನಿಗೆ ಹಳೆಯ ಹೆಸರುಗಳ ಆಸರೆ ಬೇಕಿತ್ತೆಂಬುದು ಸುಲಭವಾಗಿ ಊಹಿಸತಕ್ಕದ್ದು. ಇದೇ ಅರಸನ ಆರು ನಾಣ್ಯಗಳು 1970ರಲ್ಲಿ ಆಫ್ಘಾನಿಸ್ತಾನದ ಐ ಖಾನುಮ್ ಉತ್ಖನನದಲ್ಲಿ ದೊರೆತುವು. ಅವುಗಳ ಮೇಲೆ ಹಲಾಯುಧ ಸಂಕರ್ಷಣನೂ ಚಕ್ರಧರ ವಾಸುದೇವನೂ ಇದ್ದಾರೆ, ಬ್ರಾಹ್ಮೀ ಲಿಪಿಯೂ ಇದೆ. ಮುಂದೆ ಬಂದ ಮೆನಾಂಡರ್, ಬೌದ್ಧ ಗ್ರಂಥಗಳ ಮಿಲಿಂದ, ಒಂದು ಬದಿಯಲ್ಲಿ ಗ್ರೀಕ್ ಭಾಷೆಯಲ್ಲಿಯೂ ಇನ್ನೊಂದು ಬದಿಯಲ್ಲಿ ಖರೋಷ್ಠಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’ ಎಂದೂ ಬರೆಸಿದನು. ಎರಡು ಭಾಷೆ, ಎರಡು ಲಿಪಿ. ವಿಭಕ್ತಿ ಮಾತ್ರ ಎರಡೂ ಕಡೆ ಷಷ್ಠಿಯೇ. ಗ್ರೀಕರ ‘ದ್ರಾಕ್ಮ’ ಪದವು ‘ದ್ರಮ್ಮ’ವಾಗಿ ಕನ್ನಡ ಶಾಸನಗಳಲ್ಲಿಯೂ ಗದ್ಯಾಣ, ಪಣಗಳ ಸಾಲಿನಲ್ಲಿ ಸೇರಿಕೊಂಡುದು ಈ ಸಂಪರ್ಕದ ದೂರದ ಫಲ.

ಆಧುನಿಕ ಸ್ಮಾರಕ ನಾಣ್ಯದ ಸ್ವಭಾವವನ್ನು ತಿಳಿಯಲು ಅಮೆರಿಕದ ನಿದರ್ಶನ ಅನುಕೂಲವಾದುದು. ಇವಾನ್ಸರ ಗ್ರಂಥ ಬಂದ 1892ರಲ್ಲಿಯೇ ಅಲ್ಲಿನ ಮೊದಲ ಸ್ಮಾರಕ ನಾಣ್ಯವೂ ಬಂದಿತು. ಕೊಲಂಬಸನ ಯಾನದ ನಾಲ್ಕುನೂರನೆಯ ವರ್ಷಕ್ಕೆ ಷಿಕಾಗೋದಲ್ಲಿ ನಡೆಯಲಿದ್ದ ವಸ್ತುಪ್ರದರ್ಶನಕ್ಕೆ ಹಣ ಕೂಡಿಸಲೆಂದು ಅರ್ಧ ಡಾಲರಿನ ನಾಣ್ಯವನ್ನು ಒಂದು ಡಾಲರಿಗೆ ಮಾರಿದರು. ಕೊಳ್ಳುವವರು ಸಾಕಷ್ಟು ಬರಲಿಲ್ಲ. ಉಳಿದುದರಲ್ಲಿ ಬಹುಭಾಗವನ್ನು ಕರಗಿಸಿ, ಮಿಕ್ಕುದನ್ನು ಮುಖಬೆಲೆಗೇ ಪೇಟೆಗೆ ಬಿಟ್ಟರು. ನಾಣ್ಯವನ್ನು ಅದರ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವ ವಿಚಿತ್ರ ಅಂದಿನಿಂದ ಇಂದಿನವರೆಗೆ ನಡೆದು ಬಂದಿದೆ.

ಅದೇ ದೇಶದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರಿಗೆ ತಮ್ಮ ನಾಡಿನ ನಾಣ್ಯಗಳ ರೂಪ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಗ್ರೀಕರ ನಾಣ್ಯಗಳಂತೆ ಎತ್ತರದ ಉಬ್ಬಿನಲ್ಲಿ ಅಮೆರಿಕದ ಬಂಗಾರದ ನಾಣ್ಯವನ್ನೇಕೆ ಮಾಡಬಾರದೆಂದು 1905ರಲ್ಲಿ ಅವರು ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸರಿಗೆ ಬರೆದರು. ಅಂಚನ್ನು ಎತ್ತರಿಸಿದರೆ ಒಂದರ ಮೇಲೊಂದು ಪೇರಿಸಲೂ ತೊಂದರೆಯಿರದೆಂಬುದು ಅವರ ಸಲಹೆ. ಕಾಯಿಲೆಯಲ್ಲಿದ್ದ ಶಿಲ್ಪಿ ಒಪ್ಪಿಕೊಂಡರು. ಪಂಜು ಹಿಡಿದು ಮುಂದಡಿಯಿಡುತ್ತಿರುವ ಸ್ವಾತಂತ್ರ್ಯದೇವಿಯನ್ನು ರೂಪಿಸಿದರು. ವರ್ಷವನ್ನೂ ರೋಮನ್ ಅಂಕೆಗಳಲ್ಲಿ ಬರೆದರು. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಮಾತ್ರ ಇದು ಆಗದ ಕೆಲಸವೆಂದರು. ಅವರ ಮಾತೂ ಸುಳ್ಳಾಗಿರಲಿಲ್ಲ. 1907ರಲ್ಲಿ ಮೊದಲ ಪ್ರಯೋಗ ನಡೆದಾಗ ಚಿತ್ರ ಪೂರ್ಣವಾಗಿ ಮೂಡಲು ಒಂದೊಂದು ನಾಣ್ಯವನ್ನೂ ಒಂಬತ್ತು ಬಾರಿಯವರೆಗೆ ಒತ್ತಬೇಕಾಯಿತು. ಹಾಗೆ ಆದವು ಸುಮಾರು ಇಪ್ಪತ್ತು. ಉಬ್ಬನ್ನು ತಗ್ಗಿಸಿ ಮತ್ತೆ ಮಾಡಿದಾಗ ಮೂರು ಬಾರಿ ಒತ್ತಬೇಕಾಯಿತು. ಅವು ಸುಮಾರು ಹನ್ನೆರಡು ಸಾವಿರ. ಇನ್ನೂ ತಗ್ಗಿಸಿ, ರೋಮನ್ ಅಂಕೆಯನ್ನೂ ಕೈಬಿಟ್ಟ ಮೇಲೆಯೇ ಲಕ್ಷಗಟ್ಟಲೆ ನಾಣ್ಯ ಹೊರಬಿದ್ದುದು. ಆ ವೇಳೆಗೆ ಶಿಲ್ಪಿ ಕಣ್ಣುಮುಚ್ಚಿದ್ದರು. 1907ರ ಆಗಸ್ಟ್ 3ರಂದು ಅವರು ತೀರಿಕೊಂಡರು.

ಮತ್ತೊಂದು ವಿವರವೂ ಉಂಟು. ‘ದೇವರಲ್ಲಿ ನಮ್ಮ ನಂಬಿಕೆ’ ಎಂಬರ್ಥದ ರೂಢಿಯ ಬರಹವನ್ನು ಈ ನಾಣ್ಯದಿಂದ ಬಿಡಲಾಗಿತ್ತು. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುವ ವಸ್ತುವಿನ ಮೇಲೆ ದೇವರ ಹೆಸರು ಸಲ್ಲದೆಂದು ರೂಸ್‌ವೆಲ್ಟರ ಅಭಿಪ್ರಾಯ. ಜನರ ಆಕ್ಷೇಪ ಹೆಚ್ಚಿ 1908ರಲ್ಲಿ ಅಲ್ಲಿನ ಸಂಸತ್ತು ಅದನ್ನು ಮತ್ತೆ ಸೇರಿಸಿತು. ದೇವತೆಯನ್ನೇ ನಾಣ್ಯದ ಮೇಲೆ ಕೂರಿಸಿದ ಗ್ರೀಕರು ಆಕೆಯ ವಿಚಾರವಾಗಿ ಒಂದು ಮಾತನ್ನೂ ಬರೆಯದಿದ್ದುದನ್ನು ಇಲ್ಲಿ ಸ್ಮರಿಸಬಹುದು. ಶಿಲ್ಪಿ ಬಯಸಿದ್ದ ಎತ್ತರದ ಉಬ್ಬಿನಲ್ಲಿ ಅದೇ ದೇವಿಯನ್ನು ಅಮೆರಿಕದ ಟಂಕಸಾಲೆ ಕೊನೆಗೂ 2009ರಲ್ಲಿ ಹೊಸ ಯಂತ್ರಸಾಧನಗಳಿಂದ ಅಚ್ಚುಹಾಕಿತು. ಮುಖಬೆಲೆ 20 ಡಾಲರ್. ತೂಕ ಒಂದು ಔನ್ಸ್ ಅಪ್ಪಟ ಬಂಗಾರ. ಅದನ್ನು 20 ಡಾಲರಿಗೆ ಯಾರೂ ಖರ್ಚು ಮಾಡಲಾರರು. ರೂಸ್‌ವೆಲ್ಟರ ಕನಸು ಕೈಗೂಡಿತು, ಆದರೆ ಸಂಗ್ರಾಹಕರ ಪೆಟ್ಟಿಗೆಯೊಳಗೆ.

ಗ್ರೀಸ್ ದೇಶವೇ ಈ ಕಾಲದಲ್ಲಿ ಎರಡು ದಾರಿಯನ್ನೂ ಹಿಡಿದು ನೋಡಿದೆ. 2004ರ ಅಥೆನ್ಸ್ ಒಲಿಂಪಿಕ್ ಕ್ರೀಡೆಗಳಿಗೆಂದು ಹೊರಡಿಸಿದ ಎರಡು ಯೂರೊ ನಾಣ್ಯದ ಮೇಲೆ ಮೈರಾನ್ ಶಿಲ್ಪಿಯ ಚಕ್ರ ಎಸೆಯುವ ಯುವಕನಿದ್ದಾನೆ; ಎರಡು ಯೂರೊ ನಾಣ್ಯಗಳಲ್ಲಿ ಇದೇ ಮೊದಲ ಸ್ಮಾರಕ. ಒಂದೇ ಆಕೃತಿ, ಚಲನೆ ಬಗ್ಗಿದ ಬೆನ್ನಿನಲ್ಲೇ ಇದೆ. ಹಣವಾಗಿ ಜನರ ಕೈಯಲ್ಲಿಯೂ ಧಾರಾಳವಾಗಿ ಓಡಾಡಿತು. 2010ರಲ್ಲಿ ಮ್ಯಾರಥಾನ್ ಯುದ್ಧಕ್ಕೆ 2500 ವರ್ಷವಾಯಿತೆಂದು ಹೊರಡಿಸಿದ ನಾಣ್ಯದಲ್ಲಾದರೋ ಗುರಾಣಿ, ಓಡುವ ಯೋಧ, ಹಕ್ಕಿ, ಸ್ಥಳನಾಮ, ವರ್ಷಸಂಖ್ಯೆ, ನಕ್ಷತ್ರವಲಯ ಎಲ್ಲವೂ ಒಂದು ಅಂಗುಲದಲ್ಲಿ ಇಕ್ಕಟ್ಟಾಗಿ ನಿಂತಿವೆ. ಆ ಯುದ್ಧ ನಡೆದುದು ಕ್ರಿ.ಪೂ. 490ರಲ್ಲಿ, ಕ್ರಿಸ್ತಶಕದ ಲೆಕ್ಕದಲ್ಲಿ ಸೊನ್ನೆಯ ವರ್ಷವಿಲ್ಲವಾಗಿ 2500 ತುಂಬುವುದು 2011ಕ್ಕೆ. ಲೋಹದಲ್ಲಿ ಬರೆದ ಅಂಕೆಗೂ ಗಣಿತದ ಕಾಟ ತಪ್ಪಿದ್ದಲ್ಲ.

ಭಾರತದಲ್ಲಿ ಸ್ವಾತಂತ್ರ್ಯಾನಂತರ ಮೊದಲ ಸ್ಮಾರಕ ನಾಣ್ಯಗಳು ಬಂದುದು 1964ರಲ್ಲಿ, ಜವಾಹರಲಾಲ ನೆಹರೂ ಅವರ ನಿಧನಾನಂತರ: ಒಂದು ರೂಪಾಯಿ ಮತ್ತು 50 ಪೈಸೆ. 1969ರಲ್ಲಿ ಗಾಂಧೀಜಿಯವರ ಶತಾಬ್ದಿಗೆ 20 ಪೈಸೆಯಿಂದ 10 ರೂಪಾಯಿಯ ಬೆಳ್ಳಿ ನಾಣ್ಯದವರೆಗೆ ನಾಲ್ಕು ಬಗೆ ಬಂದುವು. ಅವುಗಳ ರಚನೆ ಸರಳ: ಒಂದು ಮುಖ, ಒಂದು ಹೆಸರು, ಜನನ ಮರಣದ ವರ್ಷಗಳು. ಕಲೆಯ ದೃಷ್ಟಿಯಿಂದ ಅವು ಸಿರಾಕ್ಯೂಸಿನ ಸಮೀಪಕ್ಕೂ ಬರಲಾರವು. ಆದರೆ ಎರಡು ಸಾವಿರ ವರ್ಷಗಳ ಮೇಲೆ ಆ ನಾಣ್ಯ ನೆಲದಲ್ಲಿ ಸಿಕ್ಕರೆ ಅದು ಯಾರದೆಂದು ವಿದ್ವಾಂಸರು ಜಗಳವಾಡಬೇಕಾಗಿಲ್ಲ. ಇದು ಸಣ್ಣ ಗುಣವಲ್ಲ. 20 ಪೈಸೆಯ ಗಾಂಧಿ ನಾಣ್ಯ ಪೇಟೆಯಲ್ಲಿ ಅಕ್ಕಿ ಬೇಳೆಗಳ ಜೊತೆ ಓಡಾಡಿ ಸವೆಯಿತು. ಅಥೆನ್ಸಿನ ಗೂಬೆಯೂ ಹಾಗೆಯೇ ಸವೆದದ್ದು. ಈಚೆಗೆ ದೊಡ್ಡ ಮುಖಬೆಲೆಯ ಸ್ಮಾರಕಗಳು ಬಂದಿವೆ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದಾಗ 2010ರ 1000 ರೂಪಾಯಿಯ ನಾಣ್ಯ, ರವೀಂದ್ರನಾಥ ಠಾಕೂರರ ನೆನಪಿಗೆ 2011ರಲ್ಲಿ 150 ರೂಪಾಯಿಯದು. ಅಂಗಡಿಯವನ ಮುಂದೆ ಇವನ್ನಿಟ್ಟು ಸಾಮಾನು ಕೇಳಿದವರು ಇರಲಾರರು. ಇವು ನಾಣ್ಯದ ವೇಷ ತೊಟ್ಟ ಪದಕಗಳು ಎನ್ನುವುದೇ ನ್ಯಾಯ.

ಬಸವೇಶ್ವರರ ಸ್ಮರಣೆಗೆಂದು ಭಾರತ ಸರ್ಕಾರ 2006ರಲ್ಲಿ ಎರಡು ನಾಣ್ಯಗಳನ್ನು ಹೊರಡಿಸಿತು: 100 ರೂಪಾಯಿಯದೊಂದು, 5 ರೂಪಾಯಿಯದೊಂದು. ನೂರು ರೂಪಾಯಿಯದು ಸಂಗ್ರಾಹಕರ ಮಖಮಲ್ಲಿನ ಪೆಟ್ಟಿಗೆಗಳಲ್ಲಿ ಹೊಳಪು ಮಾಸದೆ ಇದೆ. ಐದು ರೂಪಾಯಿಯದು ಚಿಲ್ಲರೆಯ ಜೊತೆ ಸೇರಿ ಊರೂರಿನ ಗಲ್ಲಾಪೆಟ್ಟಿಗೆಗಳನ್ನು ಹೊಕ್ಕಿತು. ಕಾಯಕದಿಂದ ಬಂದ ಹಣವಾಗಿ ಯಾರ ಯಾರ ಕೈ ದಾಟಿ, ಎಷ್ಟು ಸವೆದು, ಈಗ ಎಲ್ಲಿದೆಯೋ ಲೆಕ್ಕವಿಲ್ಲ.